ಒಂದು ಗೇಣು, ನಾಲ್ಕು ಬೆರಳು

ಫೆಬ್ರವರಿ ೯, ಭಾನುವಾರ

ಬೆಳಿಗ್ಗೆ ಅವಳ ಮೌಸ್ ಬಿಚ್ಚಿ ಶುಚಿ ಮಾಡಿದೆ. ಚಕ್ರದ ಸಂದಿಯಲ್ಲಿ ಕೂದಲು, ಬೆವರು ಒಣಗಿ ಕಟ್ಟಿದ ಬೂದು ಕಿಟ್ಟ. ಅಡಿಯಲ್ಲಿದ್ದ ಜಾರುಪಟ್ಟಿಗಳು ಸವೆದಿದ್ದವು, ಕಿತ್ತು ಹೊಸವನ್ನು ಅಂಟಿಸಿದೆ. ನಮ್ಮ ಮದುವೆಯಲ್ಲಿ ಇದು ನನ್ನ ಪಾಲಿಗೆ ಬಂದ ಕೆಲಸ. ಕಂಪ್ಯೂಟರಿನಲ್ಲಿ ಆಟ ಆಡುವುದು ಅವಳು, ಬಿಚ್ಚಿ ಜೋಡಿಸುವುದು ನಾನು. ಮೌಸಿನ ಒಳಗೆ ತುಂಬಬೇಕಾದ ಸಂಖ್ಯೆಗಳೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿವೆ. ಅವು ಎಷ್ಟೆಂದು ಅವಳು ಯಾವತ್ತೂ ಕೇಳಿದವಳಲ್ಲ.

ಮಧ್ಯಾಹ್ನ ಅಭ್ಯಾಸಕ್ಕೆ ಕೂತವಳು ಮೌಸನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆದು ನಿಲ್ಲಿಸಿದಳು.

“ರೀ, ಈ ಇಲಿ ಏನೋ ತಿಂದಿದೆ.”

ತಿಂದಿಲ್ಲ, ಹೊಟ್ಟೆ ತೊಳೆಸಿಕೊಂಡು ಬಂದಿದೆ, ಹಗುರವಾಗಿರಬೇಕು ಎಂದೆ. ಅವಳು ತಲೆಯಾಡಿಸಿದಳು. ಭಾರವಾಗಿದೆ, ಜಾಸ್ತಿಯಲ್ಲ, ಆದರೆ ಆಗಿದೆ ಎಂದಳು.

ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಹಾಕುವುದು ನನ್ನ ಉದ್ಯೋಗ. ಕೈಯಲ್ಲಿ ಎತ್ತಿ ತೂಕ ಹೇಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲರೂ ತಪ್ಪು ಹೇಳುತ್ತಾರೆ, ಒಬ್ಬರೂ ಅನುಮಾನದಿಂದ ಹೇಳುವುದಿಲ್ಲ.

ಫೆಬ್ರವರಿ ೧೦, ಸೋಮವಾರ

ಕಿತ್ತು ಹಾಕಿದ ಪಟ್ಟಿಗಳು ಕಸದಬುಟ್ಟಿಯಲ್ಲೇ ಇದ್ದವು. ಅವನ್ನೂ ಹೊಸ ಜೊತೆಯೊಂದನ್ನೂ ಕಚೇರಿಗೆ ಒಯ್ದು, ಊಟದ ಹೊತ್ತಿನಲ್ಲಿ ಗಾಜಿನ ಗೂಡಿನೊಳಗಿನ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿದೆ. ಹೊಸವು ದಪ್ಪ. ವ್ಯತ್ಯಾಸ ಒಂದು ಗ್ರಾಂ, ಮೇಲೊಂದಿಷ್ಟು.

ಅವಳು ಹೇಳಿದ್ದು ಸರಿ.

ಸಂಜೆ ಹೇಳಬೇಕೆಂದೇ ಬಂದೆ. ಬಾಗಿಲು ತೆಗೆಯುತ್ತಲೇ “ತೂಗಿದ್ರಾ?” ಎಂದಳು. ಉತ್ತರ ಮೊದಲೇ ಗೊತ್ತಿರುವವರ ನಗು ಅದು. ಆ ನಗು ಇಲ್ಲದಿದ್ದರೆ ಹೇಳುತ್ತಿದ್ದೆನೋ ಏನೋ. ತೂಗಿದೆ, ಎರಡೂ ಒಂದೇ ತೂಕ ಎಂದೆ.

ನಂಬಿದಳು. “ಹಾಗಾದ್ರೆ ನನ್ನ ಕೈಗೇ ಸೋಮಾರಿತನ ಬಂದಿರ್ಬೇಕು,” ಎಂದು ಒಳಗೆ ಹೋದಳು. ನನ್ನ ಮಾತಿಗೆ ಇಷ್ಟು ತೂಕವಿದೆ ಎಂದು ನನಗೆ ಗೊತ್ತಿರಲಿಲ್ಲ.

ಫೆಬ್ರವರಿ ೧೬, ಭಾನುವಾರ

ಅವಳ ತಂಡದ ಕ್ಯಾಪ್ಟನ್ ಮನೆಗೆ ಬಂದಿದ್ದಳು, ಜೊತೆಗೆ ಎಲ್ಲರೂ ಚಿಟ್ಟೆ ಎಂದು ಕರೆಯುವ ಆರನೆಯ ಹುಡುಗಿ. ಆಡುವವರು ಐವರು, ಚಿಟ್ಟೆ ಹೊರಗೆ ಕಾಯುವವಳು. ಇವಳು ಅವರೆಲ್ಲರಿಗಿಂತ ಹತ್ತು ವರ್ಷ ದೊಡ್ಡವಳು, ಹಾಗಾಗಿ ಇವಳು ಅಕ್ಕ, ನಾನು ಭಾವ.

ಸುದ್ದಿ ಏನೆಂದರೆ, ಹೊರದೇಶದ ದೊಡ್ಡ ಲೀಗಿಗೆ ಇವರನ್ನು ಕರೆದಿದ್ದಾರೆ. ಹೋಗುವುದಕ್ಕೆ ಐದು ಜನರಿಗಷ್ಟೇ ಜಾಗ. ಏಪ್ರಿಲ್ ಕೊನೆಗೆ ಆಯ್ಕೆಯ ಪಂದ್ಯ. ಆಯ್ಕೆಯಾದವರು ಆರು ತಿಂಗಳು ಅಲ್ಲೇ ಒಂದು ಮನೆಯಲ್ಲಿ ಒಟ್ಟಿಗೆ ಇರಬೇಕು. ಇವಳು ಈ ಆಟಕ್ಕಾಗಿಯೇ ಹೋದ ವರ್ಷ ಔಷಧಿ ಅಂಗಡಿಯ ಕೆಲಸ ಬಿಟ್ಟವಳು. ಸುದ್ದಿ ಕೇಳುವಾಗ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು, ಮಕ್ಕಳು ಇಟ್ಟುಕೊಳ್ಳುವ ಹಾಗೆ.

ಆಮೇಲೆ ಮೂವರೂ ‘ಸುತ್ತಿ’ನ ಬಗ್ಗೆ ಮಾತಿಗೆ ಬಿದ್ದರು. ಮೌಸನ್ನು ಅದರ ಅಡಿಗೆ ಹಾಸುವ ಬಟ್ಟೆಯ ಮೇಲೆ ಎಷ್ಟು ದೂರ ಎಳೆದರೆ ಆಟದೊಳಗಿನ ಬಂದೂಕಿನ ಬೊಂಬೆ ಪೂರಾ ತಿರುಗಿ ಮತ್ತೆ ಅದೇ ಗೋಡೆಗೆ ಮುಖ ಮಾಡುತ್ತದೋ, ಆ ದೂರಕ್ಕೆ ಇವರು ಸುತ್ತು ಎನ್ನುತ್ತಾರೆ. ಸುತ್ತು ಚಿಕ್ಕದಾದರೆ ಮಣಿಕಟ್ಟು ಅಲ್ಲಾಡಿಸಿದರೆ ಸಾಕು, ದೊಡ್ಡದಾದರೆ ಇಡೀ ತೋಳು ಬೇಕು. ಒಬ್ಬರ ಸುತ್ತು ಇನ್ನೊಬ್ಬರಿಗೆ ಆಗುವುದಿಲ್ಲ, ಚಪ್ಪಲಿಯ ಹಾಗೆ. ಚಿಟ್ಟೆ ತನ್ನದನ್ನು ಸೆಂಟಿಮೀಟರಿನಲ್ಲಿ ಹೇಳಿದಳು. ಇವಳು ಬಟ್ಟೆಯ ಮೇಲೆ ಹೆಬ್ಬೆರಳು ಕಿರುಬೆರಳು ಅಗಲಿಸಿ ಒಂದು ಗೇಣು ಇಟ್ಟು, ಪಕ್ಕದಲ್ಲಿ ನಾಲ್ಕು ಬೆರಳು ಜೋಡಿಸಿ, “ನಂದು ಇಷ್ಟು,” ಎಂದಳು.

“ಅಕ್ಕ ಹೂವು ಮಾರೋರ ಹಾಗೆ ಅಳೀತಾರೆ,” ಎಂದಳು ಕ್ಯಾಪ್ಟನ್. “ಅಳತೆ ಹೆಂಗಾದ್ರೂ ಇರ್ಲಿ, ತಲೆ ಉರುಳ್ತವಲ್ಲ.”

ನಿಜ. ಮೊದಲ ಸಲ ಮೌಸ್ ಕೊಂಡಾಗ, ಆ ಗೇಣು ಮತ್ತು ನಾಲ್ಕು ಬೆರಳಿಗೆ ಗೋಡೆ ಸರಿಯಾಗಿ ಎದುರು ಬರುವವರೆಗೂ ನನ್ನಿಂದ ಸಂಖ್ಯೆ ಏರಿಸಿ ಇಳಿಸಿ ಮಾಡಿಸಿದ್ದಳು. ನಾನು ಆಗಲೇ ಅಳೆದಿದ್ದೆ, ಇಪ್ಪತ್ತೇಳು ಸೆಂಟಿಮೀಟರ್. ಅವಳಿಗೆ ಹೇಳಿರಲಿಲ್ಲ. ಅವಳಿಗೆ ಬೇಕಾಗಿಯೂ ಇರಲಿಲ್ಲ.

ಆರು ತಿಂಗಳು. ಹೋಗಿ ಬಾ, ಅದಕ್ಕೇನಂತೆ ಎಂದೆ.

ಫೆಬ್ರವರಿ ೨೩, ಭಾನುವಾರ

ಸೀಸದ ತೆಳು ಹಾಳೆಯನ್ನು ಉಗುರಿನಷ್ಟು ಕತ್ತರಿಸಿ ಮೌಸಿನ ಒಳಗೆ ಅಂಟಿಸಿದೆ. ಇದು ಪರೀಕ್ಷೆ, ಬೇರೇನಲ್ಲ. ಒಂದು ಸಲ ಸರಿಯಾದದ್ದು ಆಕಸ್ಮಿಕವಿರಬಹುದು.

ಮುಟ್ಟಿದ ಕೂಡಲೇ ಕೈ ತೆಗೆದಳು. ಮತ್ತೆ ತಿಂದಿದೆ ಎಂದಳು. ಇಲ್ಲ ಎಂದೆ. ಅವಳು ಸ್ನಾನಕ್ಕೆ ಹೋದಾಗ ಹಾಳೆಯನ್ನು ಮುಂಭಾಗದಿಂದ ಕಿತ್ತು ಹಿಂದಕ್ಕೆ ಅಂಟಿಸಿದೆ. ತಲೆ ಒರೆಸಿಕೊಳ್ಳುತ್ತ ಬಂದು, ಒಂದೇ ಕೈಯಲ್ಲಿ ಮೌಸ್ ಎಳೆದು, “ಈಗ ಬಾಲದ ಕಡೆ ಕೂತಿದೆ ನೋಡಿ,” ಎಂದಳು. ಟವೆಲಿನೊಳಗಿಂದ ಬಂದ ಮಾತು. ನನ್ನ ಕಡೆ ತಿರುಗಿಯೂ ನೋಡಿರಲಿಲ್ಲ.

ಸಿಟ್ಟು ಬಂತು. ಯಾವುದರ ಮೇಲೆಂದು ತಿಳಿಯಲಿಲ್ಲ. ಕಚೇರಿಯಲ್ಲಿ ನನ್ನ ಕೈಕೆಳಗೆ ಇರುವ ತೂಕದ ಬಟ್ಟುಗಳನ್ನು ಬರಿಗೈಲಿ ಮುಟ್ಟುವಂತಿಲ್ಲ, ಬೆರಳಿನ ಜಿಡ್ಡು ತೂಕ ಕೆಡಿಸುತ್ತದೆ. ಕೈ ಎಂದರೆ ನಮಗೆ ಜಿಡ್ಡು. ಇಲ್ಲಿ ಒಬ್ಬಳು ತಲೆ ಒರೆಸಿಕೊಳ್ಳುತ್ತ ತೂಕ ಹೇಳುತ್ತಾಳೆ.

ಹಾಳೆ ತೆಗೆದುಬಿಟ್ಟೆ. ಸಂಜೆ ಅವಳು, ಈಗ ಸರಿಹೋಯಿತು, ಏನು ಮಾಡಿದಿರಿ ಎಂದು ಕೇಳಿದಳು. ನಾನು ಮುಟ್ಟಿಯೇ ಇಲ್ಲ ಎಂದೆ. ಸ್ವಲ್ಪ ಹೊತ್ತು ನನ್ನನ್ನು ನೋಡಿದಳು, ಆಮೇಲೆ ತನ್ನ ಕೈಯನ್ನು.

ಮಾರ್ಚ್ ೨, ಭಾನುವಾರ

ತೂಕ ಸಿಕ್ಕಿಬೀಳುತ್ತದೆ. ಸಂಖ್ಯೆಗೆ ಭಾರವಿಲ್ಲ.

ಮೌಸಿನ ಒಳಗೆ ಒಂದು ಸಂಖ್ಯೆಯಿದೆ, ಕೈ ಒಂದು ಅಂಗುಲ ಸರಿದರೆ ತೆರೆಯ ಮೇಲೆ ಚುಕ್ಕೆ ಎಷ್ಟು ಸರಿಯಬೇಕೆಂದು ಹೇಳುವುದು. ಆಟದ ಒಳಗಿನ ಸಂಖ್ಯೆ ಬೇರೆ, ಅದನ್ನು ಅವಳು ದಿನಾ ನೋಡುತ್ತಾಳೆ. ಇದು ಮೌಸಿನ ಹೊಟ್ಟೆಯಲ್ಲೇ ಇರುತ್ತದೆ, ಯಾವ ಯಂತ್ರಕ್ಕೆ ಸಿಕ್ಕಿಸಿದರೂ ಜೊತೆಗೇ ಹೋಗುತ್ತದೆ. ಒಂದು ಮೆಟ್ಟಿಲು ಇಳಿಸಿದೆ. ಎಷ್ಟು ಕಡಿಮೆಯೆಂದರೆ, ಒಂದು ಮೌಸಿಗೂ ಇನ್ನೊಂದಕ್ಕೂ ಇಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ.

ಮಾರ್ಚ್ ೪, ಮಂಗಳವಾರ

ಅಭ್ಯಾಸ ಮುಗಿಸಿ ಬಂದು ಚಹಾ ಕುಡಿಯುತ್ತ, ಇವತ್ತು ಕೈ ಹಿಂದೇಟು ಹೊಡೆಯಿತು, ತಲೆ ಸಿಗುವ ಮೊದಲೇ ನಿಂತುಬಿಡುತ್ತದೆ ಎಂದಳು.

ಮೌಸನ್ನು ದೂರಲಿಲ್ಲ. ಇದು ಮೊದಲ ಸಲ.

ಮಾರ್ಚ್ ೧೩, ಗುರುವಾರ

ಇವತ್ತು ಮೊಳೆ, ತಂತಿ ಮಾರುವ ಅಂಗಡಿಯೊಂದರಲ್ಲಿ ತಟ್ಟೆಯ ಅಡಿಗೆ ಅಂಟಿಸಿದ್ದ ಅಯಸ್ಕಾಂತ ಸಿಕ್ಕಿತು. ಗುಂಡಿಯಷ್ಟು ಚಿಕ್ಕದು. ಅಂಗಡಿಯವನಿಗೆ ನಾಚಿಕೆಯ ಸುಳಿವೂ ಇರಲಿಲ್ಲ. ಕುರ್ಚಿ ಹಾಕಿ ಕೂರಿಸಿ ಸಮಾಧಾನವಾಗಿ ವಾದಕ್ಕೆ ಇಳಿದ.

“ಸಾರ್, ಹತ್ತು ವರ್ಷ ಆಯ್ತು, ಒಬ್ಬ ಗಿರಾಕೀನೂ ಕಡಿಮೆ ಅಂದಿಲ್ಲ. ಯಾರಿಗೂ ಗೊತ್ತಾಗ್ದೆ ಇರೋದು ಕಡಿಮೆ ಹೆಂಗಾಗುತ್ತೆ?”

ತಕ್ಕಡಿಗೆ ಬೀಗಮುದ್ರೆ ಹಾಕಿ ಅಂಗಡಿ ಮುಚ್ಚಿಸಿದೆ. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮನೆಗೆ ಬಂದರೂ ಉರಿ ಇಳಿಯಲಿಲ್ಲ. ಅವಳು ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದಳು. ಇನ್ನೊಂದು ಮೆಟ್ಟಿಲು ಇಳಿಸಿದೆ.

ಮಾರ್ಚ್ ೨೨, ಶನಿವಾರ

ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಬ್ರೆಡ್ಡು ಸುಡುತ್ತಿದ್ದಾಗ ಅವಳು ಕೂಗಿದಳು. ಹೋಗಿ ನೋಡಿದರೆ ಬಟ್ಟೆಯ ಮೇಲೆ ಗೇಣು ಇಟ್ಟು ಕೂತಿದ್ದಾಳೆ. ಒಂದು ಗೇಣು ನಾಲ್ಕು ಬೆರಳು ಎಳೆದು ತೋರಿಸಿದಳು. ಗೋಡೆ ಎದುರು ಬರಲಿಲ್ಲ, ಕಿಟಕಿಯ ಅಂಚಿಗೇ ನಿಂತಿತು.

“ನೋಡಿದ್ರಾ? ಕೈಯಲ್ಲ ರೀ ಇದು. ಇದರಲ್ಲೇ ಏನೋ ಆಗಿದೆ.”

ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಬೆಳಕಿತ್ತು. ತಪ್ಪು ತನ್ನದಲ್ಲ ಎಂದು ಗೊತ್ತಾದವರಿಗೆ ಬರುವ ಬೆಳಕು. ನಾನು ಚೀಲದಿಂದ ಉಕ್ಕಿನ ಅಳತೆಪಟ್ಟಿ ತಂದೆ. ಕಚೇರಿಯ ಮುದ್ರೆಯಿರುವ ಪಟ್ಟಿ. ಬಟ್ಟೆಯ ಮೇಲೆ ಇಟ್ಟು, ಮೌಸನ್ನು ಪಟ್ಟಿಗೆ ಒತ್ತಿ ಎಳೆಯಲು ಹೇಳಿದೆ. ಗೋಡೆ ಬಂದಾಗ ಮೂವತ್ತು.

“ಮೂವತ್ತು,” ಎಂದೆ. “ಮೊದ್ಲಿಂದ್ಲೂ ಮೂವತ್ತೇ. ಕೊಂಡಾಗ್ಲೇ ಅಳೆದಿದ್ದೆ ನಾನು.”

“ಮತ್ತೆ ನನ್ನ ಗೇಣು?”

“ಗೇಣು ಅಳತೆ ಏನೇ? ಬೆಳಿಗ್ಗೆ ಒಂದಿರುತ್ತೆ, ಸಂಜೆ ಒಂದಿರುತ್ತೆ. ಚಳೀಲಿ ಒಂದು, ಬಿಸಿಲಲ್ಲಿ ಒಂದು.”

ಅವಳು ಅಂಗೈಯನ್ನು ಪಟ್ಟಿಯ ಪಕ್ಕದಲ್ಲಿ ಅಗಲಿಸಿದಳು. ಮುಚ್ಚಿದಳು. ಮತ್ತೆ ಅಗಲಿಸಿದಳು. ಬ್ರೆಡ್ಡು ಕರಕಾದ ವಾಸನೆ ಬಂತು, ಇಬ್ಬರೂ ಏಳಲಿಲ್ಲ. ಪಟ್ಟಿ ಇಲ್ಲೇ ಇರಲಿ ಎಂದಳು. ಕೊಟ್ಟೆ.

ಮಾರ್ಚ್ ೨೪, ಸೋಮವಾರ

ಎದ್ದ ಕೂಡಲೇ ಒಮ್ಮೆ, ಸಂಜೆ ಒಮ್ಮೆ ಗೇಣು ಅಳೆದಿದ್ದಾಳೆ. ಎರಡೂ ಒಂದೇ ಬಂದಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸ, ಆದರೆ ವ್ಯತ್ಯಾಸ. ನೀವು ಹೇಳಿದ್ದು ಸರಿ ಎಂದಳು.

ಆ ಒಂದು ವಿಷಯದಲ್ಲಿ ನಾನು ಸುಳ್ಳು ಹೇಳಿರಲಿಲ್ಲ.

ಏಪ್ರಿಲ್ ೩, ಗುರುವಾರ

ಕ್ಯಾಪ್ಟನ್ ನನ್ನ ಕಚೇರಿಗೆ ಫೋನು ಮಾಡಿದ್ದಳು. ಅಕ್ಕನಿಗೆ ಏನಾಗಿದೆ, ಮೂರು ಆಟ ಸೋತೆವು, ಅಕ್ಕ ಗುರಿಯ ಹತ್ತಿರ ಹೋಗಿ ನಿಂತುಬಿಡುತ್ತಾರೆ, ಕೇಳಿದರೆ ಕೈ ಕೈಕೊಟ್ಟಿದೆ ಎಂದು ನಗುತ್ತಾರೆ ಎಂದಳು. ಮಾತಿನಲ್ಲಿ ಕಾಳಜಿಯೇ ಇತ್ತು. ಸ್ವಲ್ಪ ಮಣಿಕಟ್ಟಿನ ತೊಂದರೆ, ಅವಳಿಗೆ ಹೇಳಬೇಡ, ನೊಂದುಕೊಳ್ಳುತ್ತಾಳೆ ಎಂದೆ. “ಭಾವ, ನೀವಿದ್ದೀರಿ ಅನ್ನೋದೇ ನಮಗೆ ಧೈರ್ಯ,” ಎಂದಳು.

ಮನೆಯಲ್ಲಿ ಅವಳು ಸಾರಿನ ಸೌಟು ನನ್ನ ಮುಂದೆ ಹಿಡಿದು ಉಪ್ಪು ಸರಿಯಿದೆಯಾ ಎಂದು ಕೇಳಿದಳು. ಸರಿಯಾಗಿತ್ತು. ಸ್ವಲ್ಪ ಜಾಸ್ತಿ ಎಂದೆ. ಯಾಕೆ ಹಾಗೆಂದೆನೋ. ನೀರು ಬೆರೆಸಿದಳು. ಇಬ್ಬರೂ ಸಪ್ಪೆ ಸಾರು ಉಂಡೆವು.

ಊಟವಾದ ಮೇಲೆ ಪಕ್ಕದಲ್ಲಿ ಬಂದು ಕೂತು ಬಲಗೈಯನ್ನು ನನ್ನ ಮಡಿಲಲ್ಲಿಟ್ಟಳು. ಒತ್ತಿಕೊಡಿ ಎಂದಳು. ಒಂದೊಂದೇ ಬೆರಳು ಒತ್ತಿದೆ. ಇಷ್ಟು ಹತ್ತಿರ ಬಂದು ಬಹಳ ಕಾಲವಾಗಿತ್ತು. ಆಟ ಶುರುವಾದಾಗಿನಿಂದ ಈ ಕೈ ನನಗೆ ಸಿಕ್ಕಿರಲಿಲ್ಲ. ಒಳ್ಳೆಯ ಕೈ. ಕಿರುಬೆರಳಿನ ಕೆಳಗೆ, ಮೌಸಿನ ಅಂಚು ತಾಗುವ ಕಡೆ ಚರ್ಮ ಗಟ್ಟಿಯಾಗಿದೆ.

ಏಪ್ರಿಲ್ ೧೪, ಸೋಮವಾರ

ಎಣಿಸದ ಒಂದು ಸಂಗತಿ. ಅವಳು ಚೆನ್ನಾಗಿ ಆಡುತ್ತಿದ್ದಾಳೆ.

ನಿನ್ನೆ, ಇವತ್ತು ಎರಡೂ ದಿನ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ತಲೆ ಉರುಳಿಸಿದವಳು ಇವಳೇ. ಬಾಗಿಲಲ್ಲಿ ನಿಂತು ನೋಡಿದೆ. ಕುರ್ಚಿಯನ್ನು ಹಿಂದಕ್ಕೆ ಸರಿಸಿದ್ದಾಳೆ, ಮೊಣಕೈ ಮೇಜಿನಿಂದ ಎತ್ತಿ ಭುಜದಿಂದಲೇ ತೋಳನ್ನು ಬೀಸುತ್ತಾಳೆ, ಕಣ ಗುಡಿಸುವವರ ಹಾಗೆ. ಗುರಿಯ ಚುಕ್ಕೆ ಹೋಗಿ ತಲೆಯ ಮೇಲೆ ಕೂರುತ್ತದೆ. ತೋಳು ಹೀಗೆ ಬದಲಾದದ್ದು ಅವಳಿಗೂ ಅಷ್ಟಾಗಿ ಗೊತ್ತಿಲ್ಲ. ಹೇಗೆ ಸರಿಹೋಯಿತೆಂದು ಚಿಟ್ಟೆ ಕೇಳಿದರೆ ನಿಮ್ಮ ಭಾವ ಕೈ ಒತ್ತಿಕೊಟ್ಟರು ಎಂದು ಹೇಳುತ್ತಿದ್ದಳು.

ಅವಳ ಕೈ ಸುಳ್ಳನ್ನೂ ಕಲಿತುಬಿಟ್ಟಿದೆ. ನಾನು ಎಷ್ಟು ದೂರ ಹೋಗಿ ಬಚ್ಚಿಟ್ಟರೂ ಅದು ಬೆಕ್ಕಿನ ಹಾಗೆ ವಾಸನೆ ಹಿಡಿದು ಬರುತ್ತದೆ.

ಊಟ ಸೇರಲಿಲ್ಲ.

ಏಪ್ರಿಲ್ ೨೬, ಶನಿವಾರ

ನಾಳೆ ಆಯ್ಕೆ. ಅವಳು ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂತಿದ್ದಾಳೆ. ಪೆಟ್ಟಿಗೆ ಅಟ್ಟದಿಂದ ಕೆಳಗಿಳಿದಿದೆ, ಖಾಲಿ, ಬಾಯಿ ತೆರೆದುಕೊಂಡು ಗಾಳಿಗೆ.

ತುಂಬ ಯೋಚಿಸಿದೆ. ಕೆಡಿಸಿದ್ದನ್ನು ಸರಿಮಾಡಿ ಇಡುವುದು ನ್ಯಾಯ. ಒಳಗಿನ ಸಂಖ್ಯೆಯನ್ನು ಮೊದಲಿದ್ದಲ್ಲಿಗೆ ತಂದು ಇಟ್ಟೆ. ಈಗ ಸುತ್ತು ಇಪ್ಪತ್ತೇಳು, ಅವಳು ಕೇಳಿ ಮಾಡಿಸಿಕೊಂಡದ್ದು, ಅವಳದೇ. ನಾಳೆ ಏನಾದರೂ ಆಗಲಿ, ಅವಳ ಕೈಯಲ್ಲಿರುವುದು ನಿಜವಾದ ಅಳತೆ. ಇದರ ಮೇಲೆ ನನ್ನನ್ನು ಯಾರೂ ಏನೂ ಅನ್ನುವಂತಿಲ್ಲ.

ಮನಸ್ಸು ಹಗುರವಾಗಿದೆ.

ಏಪ್ರಿಲ್ ೨೭, ಭಾನುವಾರ

ಪಂದ್ಯ ನಡೆದದ್ದು ಒಂದು ವ್ಯಾಪಾರ ಮಳಿಗೆಯ ಮೇಲಿನ ಮಹಡಿಯ ಸಭಾಂಗಣದಲ್ಲಿ. ಸಾಲಾಗಿ ಯಂತ್ರಗಳು, ನೋಡುವವರಿಗೆ ಕಬ್ಬಿಣದ ಕಟಕಟೆಯ ಈಚೆ ಪ್ಲಾಸ್ಟಿಕ್ ಕುರ್ಚಿಗಳು. ಯಂತ್ರಗಳು ಪಂದ್ಯ ನಡೆಸುವವರವು, ಮೌಸ್ ಮಾತ್ರ ಸ್ವಂತದ್ದು. ಆರು ಜನರನ್ನೂ ಸರದಿಯ ಮೇಲೆ ಆಡಿಸಿ ನೋಡುವುದೆಂದು ಗೊತ್ತಾಗಿತ್ತು.

ಮೊದಲ ಆಟದಲ್ಲೇ ಕಂಡಿತು. ತೋಳು ಭುಜದಿಂದ ಬೀಸಿತು, ಚುಕ್ಕೆ ತಲೆಯನ್ನು ದಾಟಿ ಗೋಡೆಗೆ ಹೋಯಿತು. ಹಿಂದಕ್ಕೆ ಎಳೆದಳು, ಈ ಕಡೆಗೆ ದಾಟಿತು. ಎದುರಾಳಿಗೆ ಅಷ್ಟು ಹೊತ್ತು ಸಾಕು. ಮತ್ತೆ, ಮತ್ತೆ. ಪಕ್ಕದಲ್ಲಿ ಕೂತಿದ್ದ ಯಾರೋ “ಅಕ್ಕ ನೊಣ ಹೊಡೀತಿದ್ದಾರೆ,” ಎಂದು ನಕ್ಕ. ನಾನು ಅವನ ಕಡೆ ತಿರುಗಿ ದುರುಗುಟ್ಟಿ ನೋಡಿದೆ.

ಬಿಡುವಿನಲ್ಲಿ ಅವಳು ಕಟಕಟೆಯ ಹತ್ತಿರ ಬಂದಳು. ಹಣೆಯಲ್ಲಿ ಬೆವರಿತ್ತು. ದನಿ ತಗ್ಗಿಸಿ ಕೇಳಿದಳು.

“ರೀ, ಬದಲಾಗಿದೆ ಅಲ್ವಾ? ಒಂದೇ ಒಂದ್ಸಲ ನಿಜ ಹೇಳಿ. ನಾನೇನೂ ಅನ್ನಲ್ಲ.”

ಹಿಂದೆ ಕ್ಯಾಪ್ಟನ್ ನಿಂತಿದ್ದಳು. ಆಟದೊಳಗಿನ ಸಂಖ್ಯೆ ಇಳಿಸಿಕೊಳ್ಳಬಹುದು ಅಕ್ಕ, ಬಿಡುವಿನಲ್ಲಿ ಬಿಡುತ್ತಾರೆ, ಎರಡು ಗುಂಡಿ ಒತ್ತಿದರೆ ಆಯಿತು ಎಂದು ಹೇಳುತ್ತಿದ್ದಳು. ನಿಜ. ಎರಡು ಗುಂಡಿ.

“ಇಲ್ಲ,” ಎಂದೆ. “ಏನೂ ಬದಲಾಗಿಲ್ಲ.”

ಕಟಕಟೆಯ ಕಂಬಿಯ ಮೇಲೆ ಅವಳ ಕೈಯಿತ್ತು. ಅದನ್ನು ಬೇರೆಯವರ ವಸ್ತುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡಳು. ತಿರುಗಿ ಕ್ಯಾಪ್ಟನ್‌ಗೆ ಹೇಳಿದಳು. “ಬೇಡ ಬಿಡೇ. ಮೌಸ್ ಸರಿಯಾಗೇ ಇದೆಯಂತೆ.”

ಎರಡನೆಯ ಆಟದ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ಅವಳ ಜಾಗಕ್ಕೆ ಚಿಟ್ಟೆ ಆಯ್ಕೆಯಾದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ನಾನೇ ಅವಳನ್ನು ಕೂರಿಸಿದೆ.

ಮೇ ೪, ಭಾನುವಾರ

ಹೊರಡುವ ಮೊದಲು ಚಿಟ್ಟೆ ಬಂದಿದ್ದಳು. ಅಕ್ಕನ ಕಾಲಿಗೆ ಬೀಳಲು ಹೋದಳು, ಇವಳು ಹಿಡಿದು ನಿಲ್ಲಿಸಿ, ಕಾಲಲ್ಲೇನಿದೆ, ಬೇಕಾದರೆ ಕೈಗೆ ಬೀಳು, ಆದರೆ ಇದರ ಗತಿ ನಿನಗೆ ಬೇಡ ಎಂದಳು. ಇಬ್ಬರೂ ನಕ್ಕು ಅತ್ತರು.

ನನ್ನ ಮೌಸೂ ಒಂದು ಸಲ ನೋಡಿಬಿಡಿ ಭಾವ ಎಂದು ಕೈಗೆ ಕೊಟ್ಟಳು. ಬಿಚ್ಚಿ ನೋಡಿದೆ. ಶುಚಿಯಾಗಿತ್ತು, ಎಲ್ಲ ಸರಿಯಾಗಿತ್ತು. ಏನೂ ಬದಲಾಯಿಸಬೇಡ, ಯಾರು ಹೇಳಿದರೂ ಬದಲಾಯಿಸಬೇಡ, ನಿನ್ನ ಕೈಯನ್ನೇ ಕೇಳು ಎಂದೆ. ಒಳ್ಳೆಯ ಹುಡುಗಿ.

ಮೇ ೧೫, ಗುರುವಾರ

ಮನೆ ಸದ್ದಿಲ್ಲದೆ ನಡೆಯುತ್ತಿದೆ. ಸಂಜೆ ನಾನು ಬರುವ ಹೊತ್ತಿಗೆ ಅವಳು ಬಾಗಿಲಲ್ಲೇ ಇರುತ್ತಾಳೆ. ಹಾಲು ಒಡೆದಿದೆಯೋ ಇಲ್ಲವೋ, ನೀರು ಕಾದಿದೆಯೋ ಇಲ್ಲವೋ, ನಾನು ನೋಡಿ ಹೇಳಿದ ಮೇಲೆಯೇ.

ಔಷಧಿ ಅಂಗಡಿಯ ಯಜಮಾನರು ವಾಪಸ್ಸು ಬಾ ಎಂದು ಹೇಳಿ ಕಳಿಸಿದ್ದರು. ಒಲ್ಲೆ ಎಂದಳು. ಮಾತ್ರೆ ಎಣಿಸಿ ಕೊಡುವ ಕೆಲಸ, ಮುದುಕರಿಗೆ ಕೊಡಬೇಕು, ಒಂದು ಹೆಚ್ಚುಕಡಿಮೆಯಾದರೆ ಯಾರು ಹೊಣೆ ಎಂದಳು. ಅಲ್ಲಿ ಅಷ್ಟು ವರ್ಷ ಒಂದೂ ಹೆಚ್ಚುಕಡಿಮೆ ಮಾಡಿದವಳಲ್ಲ. ಅದನ್ನು ನೆನಪಿಸಲಿಲ್ಲ. ಅವಳ ಇಷ್ಟ.

ಬೇರೆ ಯಾರೂ ನನ್ನನ್ನು ಇಷ್ಟು ಕೇಳುವುದಿಲ್ಲ. ಕಚೇರಿಯಲ್ಲಿ ನನ್ನ ಮುದ್ರೆಯನ್ನು ನಂಬುತ್ತಾರೆ, ಅದು ಬೇರೆ.

ಮೇ ೨೦, ಮಂಗಳವಾರ

ಕೈಯ ಡಾಕ್ಟರಲ್ಲಿಗೆ ಹೋಗಿದ್ದೆವು. ಹೋಗೋಣವೆಂದದ್ದು ಅವಳು. ಡಾಕ್ಟರು ವಯಸ್ಸಾದವರು, ಮೆತ್ತಗಿನ ಮಾತು, ಕೈಗುಣ ಚೆನ್ನಾಗಿದೆಯೆಂದು ಹೆಸರು. ಮಣಿಕಟ್ಟಿಗೆ ತಂತಿ ಸಿಕ್ಕಿಸಿ ನರದ ಪರೀಕ್ಷೆ ಮಾಡಿದರು. ಹೇಳಿಕೊಳ್ಳುವಂಥದ್ದು ಏನೂ ಕಾಣುತ್ತಿಲ್ಲ ಎಂದರು.

ಬೆರಳು ಮರಗಟ್ಟುತ್ತವಾ ಎಂದು ಕೇಳಿದರು.

“ಮರಗಟ್ತಾವಂತೆ,” ಎಂದಳು.

“ಯಾರಿಗಮ್ಮ? ನಿಮಗಾ, ಪಕ್ಕದ ಮನೆಯವರಿಗಾ?” ಎಂದು ನಕ್ಕರು ಡಾಕ್ಟರು. ಅವಳೂ ನಕ್ಕಳು. ಆಮೇಲೆ ನನ್ನ ಕಡೆ ನೋಡಿದಳು.

ಅವರು ನನ್ನನ್ನು ಕೇಳಿದರು, ಕೈಯಿಂದ ಸಾಮಾನು ಜಾರಿ ಬೀಳುತ್ತದೆಯಾ ಎಂದು. ಬೀಳುತ್ತದೆ ಎಂದೆ. ಚಳಿಗಾಲದಲ್ಲಿ ಒಂದು ಲೋಟ ಬಿದ್ದಿತ್ತು, ಸೋಪು ಹತ್ತಿ. ಲೋಟ ಆಗಾಗ ಬೀಳುತ್ತದೆ ಎಂದೆ. ಇಷ್ಟೆಲ್ಲ ತೊಂದರೆ ಇದ್ದ ಮೇಲೆ ಮಣಿಕಟ್ಟಿನ ನರದ ಮೇಲಿರುವ ಪಟ್ಟಿಯನ್ನು ಬಿಡಿಸಿ ನೋಡಬಹುದು, ಸಣ್ಣ ಶಸ್ತ್ರಚಿಕಿತ್ಸೆ, ಆತುರವೇನೂ ಇಲ್ಲ, ಯೋಚಿಸಿ ಎಂದರು.

ಹೊರಗೆ ಬಂದ ಮೇಲೆ ಲೋಟ ಎಷ್ಟು ಸಲ ಬಿದ್ದಿದೆ ಎಂದು ಕೇಳಿದಳು. ನಿನಗೆ ನೆನಪಿಲ್ಲವಾ ಎಂದೆ. ಇಲ್ಲ ಎಂದಳು. ಹೆದರಿದ್ದಳು.

ಜೂನ್ ೨, ಸೋಮವಾರ

ಬೆಳಿಗ್ಗೆ ಆಸ್ಪತ್ರೆಗೆ. ಅವಳಿಗೆ ಹಸಿರು ಅಂಗಿ ತೊಡಿಸಿ ಬಳೆ ತೆಗೆಸಿದರು. ಬಳೆಗಳನ್ನು ನನ್ನ ಜೇಬಿಗೆ ಹಾಕಿಕೊಂಡೆ. ನರ್ಸ್ ಒಪ್ಪಿಗೆಯ ಹಾಳೆ ಹಿಡಿದು ನಿಂತಿದ್ದಳು, ಗಂಡನ ಸಹಿಯೂ ಬೇಕಂತೆ.

ಅವಳು ಬಲಗೈಯನ್ನು ನನ್ನ ಮುಂದೆ ಚಾಚಿದಳು.

“ಮಾಡಿಸ್ಕೊಳ್ಲಾ ರೀ? ನೀವು ಬೇಡ ಅಂದ್ರೆ ಈಗ್ಲೇ ಎದ್ದು ಬರ್ತೀನಿ.”

ಬಾಯಿಗೆ ಬಂದಿತ್ತು. ಬರೀ ಒಂದು ಮಾತು, ಅದರ ಹಿಂದೆ ಹೇಳಬೇಕಾದ ಇನ್ನಷ್ಟು ಮಾತು. ಎಲ್ಲಿಂದ ಶುರುಮಾಡುವುದು, ಜಾರುಪಟ್ಟಿಯಿಂದಲೋ ಸೀಸದ ಹಾಳೆಯಿಂದಲೋ. ನರ್ಸ್ ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು, ಅವಳಿಗೆ ಬೇರೆ ಕೆಲಸಗಳಿದ್ದವು.

ಮಾಡಿಸೋಣ ಎಂದೆ.

ಸರಿ ಎಂದು ನೆಮ್ಮದಿಯಿಂದ ಹಾಸಿಗೆಗೆ ಒರಗಿದಳು. ಮಧ್ಯಾಹ್ನ ಹೊರಗೆ ತಂದಾಗ ಕೈ ಬಿಳಿಯ ಬಟ್ಟೆಯೊಳಗಿತ್ತು, ಬೆರಳ ತುದಿ ಮಾತ್ರ ಹೊರಗೆ. ಗಂಜಿ ನಾನೇ ಚಮಚದಲ್ಲಿ ಕುಡಿಸಿದೆ. ಪ್ರತಿ ಚಮಚಕ್ಕೂ ಊದಿ, ತುಟಿಗೆ ತಾಗಿಸಿ ನೋಡಿ ಕೊಟ್ಟೆ. ನರ್ಸ್ ಇನ್ನೊಬ್ಬಳಿಗೆ ತೋರಿಸಿ, ನೋಡಿ ಕಲೀಬೇಕು ನಮ್ಮವರು ಎಂದದ್ದು ಕೇಳಿಸಿತು.

ಜೂನ್ ೧೪, ಶನಿವಾರ

ಹೊಲಿಗೆ ಬಿಚ್ಚಿದರು. ಅಂಗೈಯ ಬುಡದಲ್ಲಿ ಕೆಂಪು ಗೀರು. ಗಾಯ ಚೆನ್ನಾಗಿ ಕೂಡಿಕೊಂಡಿದೆ ಎಂದು ಡಾಕ್ಟರಿಗೆ ಸಂತೋಷ. ಬೆರಳು ಮಡಚಿಸಿದರು, ಬಿಡಿಸಿದರು. ಎಲ್ಲವೂ ಆಡುತ್ತವೆ.

ಈಗ ಕಣ್ಣು ಮುಚ್ಚಿಕೊಳ್ಳಿ, ನಾನು ಒಂದು ಬೆರಳು ಮುಟ್ಟುತ್ತೇನೆ, ಯಾವುದೆಂದು ಹೇಳಿ, ಅಷ್ಟೇ ಎಂದರು. ಅವಳು ಮುಚ್ಚಿಕೊಂಡಳು. ಡಾಕ್ಟರು ಪೆನ್ನಿನ ಹಿಂಬದಿಯಿಂದ ಉಂಗುರದ ಬೆರಳನ್ನು ಮುಟ್ಟಿದರು. ಬೆರಳು ಸಣ್ಣಗೆ ಅದುರಿತು. ನಾನು ಎದುರಿಗೇ ಇದ್ದೆ, ಅದು ಅದುರಿದ್ದನ್ನು ನೋಡಿದೆ.

ಅವಳು ಕಣ್ಣು ಮುಚ್ಚಿಕೊಂಡೇ ನಾನಿದ್ದ ಕಡೆಗೆ ಮುಖ ತಿರುಗಿಸಿದಳು.

“ಯಾವ್ದು ರೀ?”

ಯಜಮಾನರು ಹೇಳಿಕೊಡುವ ಹಾಗಿಲ್ಲ, ನೀವೇ ಹೇಳಬೇಕು ಎಂದು ಡಾಕ್ಟರು ನಕ್ಕರು. ಇನ್ನೊಮ್ಮೆ ಅದೇ ಬೆರಳನ್ನು ಸ್ವಲ್ಪ ಒತ್ತಿ ಮುಟ್ಟಿದರು. ಅವಳು ಕಾದಳು. ಅವಸರವಿಲ್ಲದ ಮುಖ, ಬಸ್ಸು ಬಂದೇ ಬರುತ್ತದೆ ಎಂದು ಗೊತ್ತಿರುವವರದು. ಡಾಕ್ಟರ ನಗು ನಿಂತಿತು. ಪೆನ್ನು ಬೆರಳ ಮೇಲೆಯೇ ಇತ್ತು.

“ನಡುಬೆರಳು,” ಎಂದೆ.

“ನಡುಬೆರಳು ಡಾಕ್ಟ್ರೇ,” ಎಂದಳು ಅವಳು.